ಅಪರಾಧಗಳ ತಾರತಮ್ಯವೂ ಪೋಲೀಸಿನವರ ಕರ್ತವ್ಯವೂ



ಪೋಲೀಸಿನವರನ್ನು ಕುರಿತು ನಮ್ಮ ಜನರು ಸಾಧಾರಣವಾಗಿ ಎರಡು ದೂರುಗಳನ್ನು ಹೇಳುವುದುಂಟು. ಮೊದಲನೆಯದು, ಮೀಸೆ ಮೂಡದ ಹುಡುಗರು ಕುಡಿದು ಬೀದಿಯಲ್ಲಿ ತೂರಾಡುತ್ತಾರೆ, ಕಟ್ಟೆಯ ಮೇಲೆ ಹಗಲಿನಲ್ಲಿಯೇ ಇಸ್ಪೀಟು ಆಡುತ್ತಾರೆ, ಕೇಳುವವರೇ ಇಲ್ಲ ಎಂಬುದು. ಎರಡನೆಯದು, ಕೊಲೆ ಸುಲಿಗೆ ಮಾಡಿದವರು ರಾಜಾರೋಷವಾಗಿ ತಿರುಗುತ್ತಿರುವಾಗ ದಿಕ್ಕಿಲ್ಲದ ಬಡಪಾಯಿಗಳನ್ನು ಹಿಡಿದು ದಂಡ ಹಾಕುತ್ತಾರೆ ಎಂಬುದು. ಈ ಎರಡು ದೂರುಗಳೂ ಎಷ್ಟೋ ವೇಳೆ ಒಂದೇ ಬಾಯಿಂದ, ಒಂದೇ ದಿನ ಹೊರಡುತ್ತವೆ. ಒಂದು ದೂರು ಸಣ್ಣ ತಪ್ಪನ್ನು ಬಿಡಬೇಡಿರೆನ್ನುತ್ತದೆ. ಇನ್ನೊಂದು ಸಣ್ಣದನ್ನು ಬಿಟ್ಟು ದೊಡ್ಡದನ್ನು ಹಿಡಿಯಿರೆನ್ನುತ್ತದೆ. ಎರಡನ್ನೂ ಸಮವಾಗಿ ನಡೆಸುವಷ್ಟು ಕೈಗಳು ಯಾವ ಠಾಣೆಯಲ್ಲಿಯೂ ಇಲ್ಲ. ಹಾಗಾದರೆ ಪೋಲೀಸಿನವರು ಯಾವುದಕ್ಕೆ ಮೊದಲು ಗಮನ ಕೊಡಬೇಕು? ಸಣ್ಣದೆಂದು ನಾವು ಕರೆಯುವುದು ನಿಜವಾಗಿ ಸಣ್ಣದೇ? ಈ ಪ್ರಶ್ನೆಗಳನ್ನು ಈ ಹೊತ್ತು ಸ್ವಲ್ಪ ಬಿಡಿಸಿ ನೋಡೋಣ.

ಇಂಥ ವಿಚಾರವನ್ನು ಒಂದು ಸ್ಥಳಕ್ಕೆ ಕಟ್ಟಿ ನೋಡಿದರೆ ತಿಳಿಯುವುದು ಸುಲಭ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನಲ್ಲಿ, ರೇಣುಕಾ ಯಲ್ಲಮ್ಮನ ಗುಡ್ಡದ ಬುಡದಲ್ಲಿ, ಉಗರಗೋಳವೆಂಬ ಗ್ರಾಮವಿದೆ. ವರ್ಷದ ಬಹುಭಾಗ ಅದು ಮಲಪ್ರಭೆಯ ಸೀಮೆಯ ಇತರ ಹಳ್ಳಿಗಳಂತೆಯೇ ಜೋಳ, ಹತ್ತಿ, ದನಕರು ಎಂದು ಬಾಳುವ ಊರು. ಬನದ ಹುಣ್ಣಿಮೆ ಭರತ ಹುಣ್ಣಿಮೆಗಳು ಬಂದವೆಂದರೆ ಅದರ ರೂಪವೇ ಬೇರೆ. ಬಿಜಾಪುರ, ಬಾಗಲಕೋಟೆ, ಧಾರವಾಡಗಳಿಂದ, ಕೊಲ್ಲಾಪುರ, ಸೊಲ್ಲಾಪುರ, ಗೋವೆಗಳಿಂದ ಜನ ಲಕ್ಷಗಟ್ಟಲೆ ಸೇರುತ್ತಾರೆ. ಚಕ್ಕಡಿಗಳು, ಬಸ್ಸುಗಳು, ಲಾರಿಗಳು ದಾರಿಯುದ್ದಕ್ಕೂ ಸಾಲುಗಟ್ಟುತ್ತವೆ. ಉಧೋ ಉಧೋ ಎಂಬ ಘೋಷ ಗುಡ್ಡವನ್ನೆಲ್ಲ ತುಂಬುತ್ತದೆ. ಭಂಡಾರದ ಹಳದಿ ಗಾಳಿಯಲ್ಲಿ ತೇಲುತ್ತದೆ. ಆ ಜನಸಾಗರದ ನಡುವೆ ನಿಂತ ಪೋಲೀಸಿನವನ ಅವಸ್ಥೆಯನ್ನು ಊಹಿಸಿ. ಒಂದು ಕಡೆ ಜೇಬು ಕತ್ತರಿಸುವವರು. ಒಂದು ಕಡೆ ತಪ್ಪಿಸಿಕೊಂಡ ಕೂಸು. ಒಂದು ಕಡೆ ಗಾಡಿ ನಿಲ್ಲಿಸುವುದಕ್ಕೆ ಜಗಳ. ಮತ್ತೊಂದು ಕಡೆ ಕದ್ದು ತಂದ ಸೆರೆ ಕುಡಿದು ಕೂಗಾಡುವ ಹುಡುಗರ ಗುಂಪು. ಇವೆಲ್ಲ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿಗಳು. ಯಾರ ಕಣ್ಣಿಗೂ ಬೀಳದ ಒಂದು ಮೂಲೆಯಲ್ಲಿ, ಯಾವುದೋ ಬಡ ಮನೆಯ ಎಂಟು ಹತ್ತು ವರುಷದ ಹುಡುಗಿಯ ಕೊರಳಿಗೆ ಮುತ್ತು ಕಟ್ಟುವ ಸಿದ್ಧತೆಯೂ ನಡೆಯಬಹುದು. ಅಲ್ಲಿ ಕೂಗಿಲ್ಲ, ಗಲಾಟೆಯಿಲ್ಲ, ದೂರು ಕೊಡುವವರೂ ಇಲ್ಲ. ಆ ಪೋಲೀಸಿನವನಿಗಿರುವುದು ಎರಡೇ ಕಣ್ಣು. ಅವನು ಅವುಗಳನ್ನು ಎತ್ತ ತಿರುಗಿಸಬೇಕು? ನಮ್ಮ ಪ್ರಶ್ನೆಯ ತಿರುಳು ಇದೇ.

ಇದಕ್ಕೆ ಕೆಲವರು ಆರಂಭದಲ್ಲಿಯೇ ಒಂದು ಆಕ್ಷೇಪವನ್ನು ಎತ್ತುವರು. ಕಾನೂನು ಎಲ್ಲರಿಗೂ ಒಂದೇ. ಶಾಸನಸಭೆ ತಪ್ಪೆಂದು ಹೇಳಿದ ಮೇಲೆ ಇದು ಸಣ್ಣದು ಇದು ದೊಡ್ಡದು ಎಂದು ಆರಿಸುವುದಕ್ಕೆ ಪೋಲೀಸಿನವನು ಯಾರು ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ನ್ಯಾಯವಿದೆ. ಆದರೆ ಅಪರಾಧಗಳಲ್ಲಿ ತಾರತಮ್ಯವೆಣಿಸುವುದನ್ನು ಪೋಲೀಸಿನವನು ತನ್ನ ಮನಸ್ಸಿನಿಂದ ಹುಟ್ಟಿಸಿಕೊಂಡಿಲ್ಲ. ಅದನ್ನು ಕಾನೂನೇ ಅವನಿಗೆ ಕಲಿಸಿದೆ. ಈ ತಾರತಮ್ಯ ನಮ್ಮ ನಾಡಿಗೆ ಹೊಸದೂ ಅಲ್ಲ. ನಾರದಸ್ಮೃತಿಯು ಸಾಹಸವೆಂಬ ಅಪರಾಧವನ್ನು ಮೂರಾಗಿ ವಿಂಗಡಿಸಿತು. ಫಲಮೂಲಗಳನ್ನೂ ಹೊಲದ ಉಪಕರಣಗಳನ್ನೂ ಹಾಳುಮಾಡುವುದು ಪ್ರಥಮ ಸಾಹಸ. ಬಟ್ಟೆ, ಪಶು, ಅನ್ನಪಾನ, ಮನೆಯ ಪಾತ್ರೆಪದಾರ್ಥಗಳನ್ನು ಕೆಡಿಸುವುದು ಮಧ್ಯಮ ಸಾಹಸ. ವಿಷದಿಂದಲೋ ಶಸ್ತ್ರದಿಂದಲೋ ಕೊಲ್ಲುವುದು, ಪರಸ್ತ್ರೀಯನ್ನು ಕೆಡಿಸುವುದು, ಪ್ರಾಣಕ್ಕೆ ಅಪಾಯ ತರುವುದು ಉತ್ತಮ ಸಾಹಸ. ಇಲ್ಲಿ ಉತ್ತಮವೆಂದರೆ ಒಳ್ಳೆಯದೆಂದಲ್ಲ, ಅತ್ಯಂತ ಘೋರವೆಂದು ಅರ್ಥ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ವ್ಯಾಖ್ಯಾನ ಮಾಡಿದ ಧರ್ಮಶಾಸ್ತ್ರದ ಲೋಕ ಇದೇ. ಮಾಡಿದ ಕೇಡು ಎಷ್ಟೋ ದಂಡವೂ ಅಷ್ಟೇ ಎಂಬ ತೂಕ ಆಗಲೇ ನಮ್ಮವರಿಗೆ ಗೊತ್ತಿತ್ತು.

ಈಗಿನ ಕಾನೂನೂ ಈ ತೂಕವನ್ನು ಕೈಬಿಟ್ಟಿಲ್ಲ. ೨೦೨೪ನೆಯ ಜುಲೈ ೧ರಿಂದ ಹಳೆಯ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದಿವೆ. ನ್ಯಾಯ ಸಂಹಿತೆಯ ೩೩ನೆಯ ಪ್ರಕರಣವು, ಸಾಮಾನ್ಯ ಬುದ್ಧಿಯೂ ಸಮಾಧಾನವೂ ಉಳ್ಳ ಮನುಷ್ಯನು ದೂರಲಾರದಷ್ಟು ಅಲ್ಪವಾದ ಹಾನಿಯನ್ನು ಅಪರಾಧವೆಂದೇ ಎಣಿಸಬಾರದೆಂದು ಹೇಳುತ್ತದೆ. ಸುರಕ್ಷಾ ಸಂಹಿತೆಯು ಅಪರಾಧಗಳನ್ನು ಎರಡಾಗಿ ಒಡೆಯುತ್ತದೆ. ವಾರಂಟಿಲ್ಲದೆ ಪೋಲೀಸಿನವರು ಹಿಡಿಯಬಹುದಾದವು ಕೆಲವು. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆಯನ್ನು ಕೂಡ ಆರಂಭಿಸಕೂಡದಂಥವು ಕೆಲವು. ಅದರ ೧೭೬ನೆಯ ಪ್ರಕರಣದ ಪ್ರಕಾರ, ಹೆಸರು ಹೇಳಿ ಕೊಟ್ಟ ದೂರು ಗಂಭೀರ ಸ್ವರೂಪದ್ದಲ್ಲದಿದ್ದರೆ ಠಾಣಾಧಿಕಾರಿಯು ತಾನೇ ಸ್ಥಳಕ್ಕೆ ಹೋಗಬೇಕಾದ ಅಗತ್ಯವಿಲ್ಲ. ಏಳು ವರುಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯುಳ್ಳ ಅಪರಾಧವಾದರೆ ಅಪರಾಧವಿಜ್ಞಾನದ ತಜ್ಞನೇ ಸ್ಥಳಕ್ಕೆ ಬಂದು ಕುರುಹುಗಳನ್ನು ಸಂಗ್ರಹಿಸಬೇಕೆಂದು ಅದೇ ಪ್ರಕರಣ ಹೇಳುತ್ತದೆ. ಒಂದಕ್ಕೆ ಹೋಗದಿದ್ದರೂ ನಡೆಯುತ್ತದೆ, ಇನ್ನೊಂದಕ್ಕೆ ತಜ್ಞನನ್ನು ಕರೆದುಕೊಂಡೇ ಹೋಗಬೇಕು ಎಂದ ಮೇಲೆ, ಇದು ಕಾನೂನೇ ಹಾಕಿಕೊಟ್ಟ ಮೇಲುಪಂಕ್ತಿಯಲ್ಲದೆ ಮತ್ತೇನು?

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೊದಲು ಯಾವುದಕ್ಕೆ ಬೆವರು ಸುರಿಸಬೇಕೆಂಬುದು ಒಂದು ಮಾತು. ದೂರನ್ನು ಬರೆದುಕೊಳ್ಳಬೇಕೇ ಬೇಡವೇ ಎಂಬುದು ಬೇರೊಂದು ಮಾತು. ಎರಡನೆಯದರಲ್ಲಿ ಪೋಲೀಸಿನವರಿಗೆ ಆಯ್ಕೆಯಿಲ್ಲ. ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧದ ಸಮಾಚಾರ ಬಂದರೆ ಮೊದಲ ವರದಿಯನ್ನು ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ವಿಧಿಸಿತು. ಬಡವಿಯೊಬ್ಬಳ ಮೂಗುತಿ ಕಳುವಾದದ್ದು ಠಾಣೆಯ ಲೆಕ್ಕದಲ್ಲಿ ಸಣ್ಣದಾಗಿರಬಹುದು, ಅವಳ ಲೆಕ್ಕದಲ್ಲಿ ಅದು ವರುಷದ ಗಳಿಕೆ. ಆದುದರಿಂದ ಮೇಲುಪಂಕ್ತಿಯ ನೆಪದಿಂದ ಬಾಗಿಲು ಮುಚ್ಚುವುದು ಸಲ್ಲದು. ಪುಸ್ತಕದಲ್ಲಿ ಎಲ್ಲರಿಗೂ ಸಾಲು ಸಿಕ್ಕಬೇಕು. ಕಾಲು ಕೈ ಮೊದಲು ಎತ್ತ ಓಡಬೇಕೆಂಬುದರಲ್ಲಿ ಮಾತ್ರ ವಿವೇಚನೆ.

ಈ ವಿವೇಚನೆಯಿಲ್ಲದೆ ಹೋದರೆ ಏನಾಗುವುದೆಂಬುದಕ್ಕೆ ಪಾನನಿಷೇಧದ ಚರಿತ್ರೆಯೇ ಸಾಕ್ಷಿ. ೧೯೫೬ರವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿತ್ತು; ಅಲ್ಲಿಯ ೧೯೪೯ರ ಪಾನನಿಷೇಧ ಕಾಯಿದೆ ಸವದತ್ತಿಯ ಹಳ್ಳಿಗಳಿಗೂ ಅನ್ವಯಿಸುತ್ತಿತ್ತು. ಉದ್ದೇಶ ಪವಿತ್ರವಾದದ್ದು. ಕುಡಿತದಿಂದ ಹಾಳಾದ ಮನೆಗಳನ್ನು ಕಂಡ ಯಾರೂ ಅದನ್ನು ಹೀಗಳೆಯಲಾರರು. ಆದರೆ ಕುಡಿದವನನ್ನೂ ಕಾಯಿಸಿದವನನ್ನೂ ಸಾಗಿಸಿದವನನ್ನೂ ಮಾರಿದವನನ್ನೂ ಒಂದೇ ಬಲೆಯಿಂದ ಹಿಡಿಯಹೊರಟಾಗ, ಬಲೆಗೆ ಸಿಕ್ಕುವುದು ಯಾವಾಗಲೂ ಕಾಲು ನಿಲ್ಲದೆ ದಾರಿಯಲ್ಲಿ ಬಿದ್ದವನು. ಮಾರಿದವನು ಮನೆಯಲ್ಲಿ ಸುಖವಾಗಿ ಮಲಗಿರುವನು. ನಮ್ಮ ಕಾಲದಲ್ಲಿ ಬಿಹಾರವು ೨೦೧೬ರಲ್ಲಿ ಮದ್ಯವನ್ನು ಸಂಪೂರ್ಣವಾಗಿ ನಿಷೇಧಿಸಿತು. ಅಲ್ಲಿಯ ನ್ಯಾಯಾಲಯಗಳು ಜಾಮೀನಿನ ಅರ್ಜಿಗಳಿಂದ ತುಂಬಿಹೋದುದನ್ನು ನೋಡಿ, ಆಗ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಎನ್. ವಿ. ರಮಣ ಅವರು ೨೦೨೧ರ ಡಿಸೆಂಬರಿನಲ್ಲಿ ಆ ಕಾಯಿದೆಯನ್ನು ಮುಂದಾಲೋಚನೆಯ ಕೊರತೆಗೆ ಉದಾಹರಣೆಯಾಗಿ ಎತ್ತಿ ಹೇಳಿದರು. ಕುಡಿದವನ ಜಾಮೀನಿನ ಅರ್ಜಿ ನ್ಯಾಯಾಧೀಶನ ಮೇಜಿನ ಮೇಲೆ ಕುಳಿತಷ್ಟು ಕಾಲ, ಕೊಲೆಯಾದವನ ಮಕ್ಕಳ ಮೊಕದ್ದಮೆ ಮೇಜಿನ ಕೆಳಗೆ ಕಾಯಬೇಕಾಗುತ್ತದೆ. ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸದಲ್ಲಿ ಹೋಗುವುದು ಇಲಿಯ ಪ್ರಾಣವೊಂದೇ ಅಲ್ಲ, ಅಗೆಯುವವನ ಬಲವೂ ಹೋಗುತ್ತದೆ.

ಸಣ್ಣ ತಪ್ಪುಗಳ ಬೆನ್ನುಹತ್ತುವುದರಲ್ಲಿ ಇನ್ನೊಂದು ಮೋಹವೂ ಇದೆ. ಅವು ಸುಲಭವಾಗಿ ಸಿಕ್ಕುತ್ತವೆ. ಒಂದು ಕಳವಿನ ಜಾಡು ಹಿಡಿಯಲು ಆರು ತಿಂಗಳು ಬೇಕಾದೀತು; ಜಾತ್ರೆಯಲ್ಲಿ ಕುಡಿದ ಆರು ಹುಡುಗರನ್ನು ಹಿಡಿಯಲು ಅರ್ಧ ಗಂಟೆ ಸಾಕು. ತಿಂಗಳ ಕೊನೆಗೆ ಎಷ್ಟು ಮೊಕದ್ದಮೆಯೆಂದು ಮೇಲಿನವರು ಕೇಳುವುದಾದರೆ, ಕೆಳಗಿನವರು ಸುಲಭದ ಕಡೆಗೇ ವಾಲುವರು. ಎಣಿಸುವುದಕ್ಕೆ ಬರುವುದೆಲ್ಲ ಮುಖ್ಯವಲ್ಲ. ಮುಖ್ಯವಾದುದೆಲ್ಲ ಎಣಿಸುವುದಕ್ಕೆ ಬರುವುದಿಲ್ಲ. ಹೀಗೆ ಸುಲಭವಾಗಿ ಸಿಕ್ಕುವವನು ಸಾಮಾನ್ಯವಾಗಿ ಬಡವನು, ಕೂಲಿಯವನು, ಹೇಳುವವರು ಕೇಳುವವರು ಇಲ್ಲದವನು. ಅವನ ಮೇಲೆ ಬೀಳುವ ಪ್ರತಿಯೊಂದು ಸಣ್ಣ ದಂಡವೂ ಲಂಚಕ್ಕೆ ಒಂದು ಕಿಂಡಿಯಾಗುವುದುಂಟು. ಬೇಲಿಯೇ ಎದ್ದು ಹೊಲ ಮೇಯುವುದು ಹೀಗೆಯೇ ಪ್ರಾರಂಭವಾಗುತ್ತದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಸಣ್ಣ ತಪ್ಪನ್ನು ಅಲಕ್ಷ್ಯ ಮಾಡಿದರೆ ಅದೇ ದೊಡ್ಡದಕ್ಕೆ ಮೆಟ್ಟಲಾಗುವುದೆಂಬ ವಾದಕ್ಕೆ ಬಲವುಂಟು. ಅಮೆರಿಕಾ ದೇಶದಲ್ಲಿ ವಿಲ್ಸನ್ ಮತ್ತು ಕೆಲ್ಲಿಂಗ್ ಎಂಬ ಇಬ್ಬರು ವಿದ್ವಾಂಸರು ೧೯೮೨ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಒಂದು ಕಟ್ಟಡದಲ್ಲಿ ಒಡೆದ ಕಿಟಕಿಯೊಂದನ್ನು ಹಾಗೆಯೇ ಬಿಟ್ಟರೆ ಕೇಳುವವರಿಲ್ಲವೆಂದು ತಿಳಿದು ಜನ ಉಳಿದ ಕಿಟಕಿಗಳನ್ನೂ ಒಡೆಯುತ್ತಾರೆ. ಹಾಗೆಯೇ ಬೀದಿಯ ಸಣ್ಣ ಅವ್ಯವಸ್ಥೆ ದೊಡ್ಡ ಅಪರಾಧಕ್ಕೆ ಆಹ್ವಾನ ಕೊಡುತ್ತದೆ ಎಂಬುದು ಅದರ ಸಾರ. ನ್ಯೂಯಾರ್ಕ್ ನಗರವು ೧೯೯೦ರ ದಶಕದಲ್ಲಿ ಇದನ್ನು ಹಿಡಿದು ನಡೆಯಿತು, ಅಪರಾಧಗಳೂ ಬಹಳ ಇಳಿದವು. ಆದರೆ ಅದೇ ಕಾಲದಲ್ಲಿ ಈ ಮಾರ್ಗವನ್ನು ಹಿಡಿಯದ ಇತರ ನಗರಗಳಲ್ಲಿಯೂ ಅಪರಾಧಗಳು ಇಳಿದವು. ಮುಂದೆ ಅದೇ ನಗರದಲ್ಲಿ ದಾರಿಹೋಕರನ್ನು ನಿಲ್ಲಿಸಿ ತಡವಿ ನೋಡುವ ಪದ್ಧತಿ ಬೆಳೆದು, ಕಪ್ಪು ಜನರ ಮೇಲೂ ಸ್ಪ್ಯಾನಿಷ್ ಮೂಲದವರ ಮೇಲೂ ವಿಶೇಷವಾಗಿ ಎರಗಿದ್ದರಿಂದ, ೨೦೧೩ರಲ್ಲಿ ನ್ಯಾಯಾಲಯವು ಅದು ನಡೆದ ರೀತಿಯನ್ನು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಕಿಟಕಿಯನ್ನು ದುರಸ್ತಿ ಮಾಡಬೇಕೆಂಬುದು ಸರಿ. ದಾರಿಯಲ್ಲಿ ಹೋಗುವ ಪ್ರತಿಯೊಬ್ಬ ಹುಡುಗನೂ ಕಲ್ಲೆಸೆಯುವವನೆಂದು ತಿಳಿಯುವುದು ಸರಿಯಲ್ಲ.

ನಮ್ಮ ನಾಡಿನ ಅನುಭವ ಇದಕ್ಕಿಂತ ಕಟುವಾದ ಪಾಠವನ್ನು ಹೇಳುತ್ತದೆ. ೧೯೮೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ತಮಿಳುನಾಡಿನ ಕೃಷ್ಣಗಿರಿ ಪ್ರದೇಶಗಳಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಬಲಿಯಾದರು. ಸಾವಿನ ಹಿಂದಿನ ದಿನ ಕೇಳಿದ್ದರೆ, ಗುಡಿಸಲಿನ ಹಿಂದೆ ಸೆರೆ ಮಾರುವುದನ್ನು ಯಾವ ಠಾಣೆಯಾದರೂ ಸಣ್ಣ ಅಪರಾಧವೆಂದೇ ಹೇಳುತ್ತಿತ್ತು. ಮರುದಿನ ಅದು ಸಾಮೂಹಿಕ ಮರಣವಾಯಿತು. ಹಾಗಾದರೆ ಅಪರಾಧದ ಗುರುತ್ವವನ್ನು ಅದರ ಹೆಸರಿನಿಂದ ಅಳೆಯಬಾರದು. ಮೂರು ಪ್ರಶ್ನೆಗಳಿಂದ ಅಳೆಯಬೇಕು. ಕೇಡು ಯಾರಿಗೆ ತಟ್ಟುತ್ತದೆ? ಆದ ಕೇಡು ಮತ್ತೆ ಸರಿಹೋಗುವಂಥದೇ? ಅದರಿಂದ ಲಾಭ ಪಡೆಯುವವನು ಯಾರು? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡರೆ ಕುಡಿದವನೂ ಕುಡಿಸಿದವನೂ ಒಂದೇ ತಕ್ಕಡಿಯಲ್ಲಿ ಕೂರುವುದಿಲ್ಲ.

ಎಳೆಯರ ಕುಡಿತದ ಪ್ರಶ್ನೆಯನ್ನು ಈ ಅಳತೆಯಿಂದ ನೋಡಿ. ಕರ್ನಾಟಕದ ೧೯೬೫ರ ಅಬಕಾರಿ ಕಾಯಿದೆಯೂ ಅದರ ಕೆಳಗಣ ೧೯೬೭ರ ನಿಯಮಗಳೂ ಎಳೆಯರಿಗೆ ಮದ್ಯ ಮಾರುವುದನ್ನು ತಡೆಯುತ್ತವೆ. ಕಾಯಿದೆಯು ಹದಿನೆಂಟು ವರುಷವನ್ನೂ ನಿಯಮಗಳು ಇಪ್ಪತ್ತೊಂದು ವರುಷವನ್ನೂ ಗೆರೆಯಾಗಿ ಇಟ್ಟವು. ೨೦೨೩ರ ಜನವರಿಯಲ್ಲಿ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸುವ ಕರಡು ಹೊರಟಿತು. ಜನರಿಂದ ವಿರೋಧ ಬಂದುದರಿಂದ ಸರ್ಕಾರವು ಅದೇ ತಿಂಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಇವೆಲ್ಲದರ ಒತ್ತು ಮಾರುವವನ ಮೇಲೆ ಬಿದ್ದಿದೆಯೆಂಬುದನ್ನು ಗಮನಿಸಬೇಕು. ೨೦೧೫ರ ಬಾಲನ್ಯಾಯ ಕಾಯಿದೆಯು ಇದನ್ನು ಇನ್ನೂ ಸ್ಪಷ್ಟಪಡಿಸಿತು. ವೈದ್ಯನ ಆದೇಶವಿಲ್ಲದೆ ಮಗುವಿಗೆ ಮದ್ಯವನ್ನೋ ಮಾದಕವಸ್ತುವನ್ನೋ ತಂಬಾಕನ್ನೋ ಕೊಡುವವನಿಗೆ ಅದರ ೭೭ನೆಯ ಪ್ರಕರಣದ ಪ್ರಕಾರ ಏಳು ವರುಷಗಳವರೆಗೆ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಆಗಬಹುದು. ಬೀದಿಯಲ್ಲಿ ಕುಡಿದು ಇತರರಿಗೆ ಉಪದ್ರವ ಕೊಟ್ಟವನಿಗೆ ನ್ಯಾಯ ಸಂಹಿತೆಯು ವಿಧಿಸಿರುವುದಾದರೋ ಇಪ್ಪತ್ತನಾಲ್ಕು ಗಂಟೆಗಳವರೆಗಿನ ಸಜೆ, ಇಲ್ಲವೇ ಸಾವಿರ ರೂಪಾಯಿಗಳವರೆಗಿನ ದಂಡ, ಇಲ್ಲವೇ ಎರಡೂ, ಇಲ್ಲವೇ ಸಮಾಜಸೇವೆ. ಏಳು ವರುಷವೆಲ್ಲಿ, ಒಂದು ದಿನವೆಲ್ಲಿ! ಮಕ್ಕಳ ಕೈಗೆ ಬಾಟಲಿ ಕೊಟ್ಟವನು ದೊಡ್ಡ ಅಪರಾಧಿ. ಅದನ್ನು ಕುಡಿದ ಮಗು ಆ ಅಪರಾಧಕ್ಕೆ ಸಿಕ್ಕಿದ ಜೀವ.

ಮಗುವೇ ತಪ್ಪು ಮಾಡಿದಾಗ ಹೇಗೆ ನಡೆಯಬೇಕೆಂಬುದನ್ನು ಕೂಡ ಕಾನೂನು ಹೇಳಿದೆ. ಬಾಲನ್ಯಾಯದ ೨೦೧೬ರ ನಿಯಮಗಳ ಪ್ರಕಾರ, ಅತಿ ಘೋರವಾದ ಅಪರಾಧವಲ್ಲದಿದ್ದರೆ, ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, ಮಗುವಿನ ಮೇಲೆ ಮೊದಲ ವರದಿಯನ್ನೇ ದಾಖಲಿಸಕೂಡದು. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಆ ಮಗುವಿನ ಮನೆಯ ಮತ್ತು ಸುತ್ತಿನ ಸ್ಥಿತಿಯನ್ನು ವಿಚಾರಿಸಿ ಒಂದು ವರದಿಯನ್ನು ಸಿದ್ಧಪಡಿಸಬೇಕು. ಪ್ರತಿ ಠಾಣೆಯಲ್ಲಿಯೂ ಮಕ್ಕಳ ಕ್ಷೇಮಕ್ಕಾಗಿ ಒಬ್ಬ ಪೋಲೀಸ್ ಅಧಿಕಾರಿಯನ್ನು ಗೊತ್ತುಮಾಡಬೇಕೆಂಬುದೂ ಅದೇ ಕಾಯಿದೆಯ ವಿಧಿ. ಆದ್ದರಿಂದ ಕುಡಿದ ಹುಡುಗನನ್ನು ಕಂಡ ಪೋಲೀಸಿನವನು ಕಣ್ಣು ಮುಚ್ಚಿಕೊಂಡು ಹೋಗಲೂ ಕೂಡದು, ಕೋಲೆತ್ತಲೂ ಕೂಡದು. ಅವನನ್ನು ಮನೆಗೆ ಮುಟ್ಟಿಸಿ, ಎಲ್ಲಿಂದ ತಂದೆ, ಯಾರು ಕೊಟ್ಟರು ಎಂದು ಕೇಳಿ, ಆ ಮಾತಿನ ಜಾಡು ಹಿಡಿದು ಅಂಗಡಿಯ ಬಾಗಿಲಿಗೆ ಹೋಗಬೇಕು. ಆಗ ಸಣ್ಣ ತಪ್ಪು ದೊಡ್ಡ ಅಪರಾಧಕ್ಕೆ ದಾರಿ ತೋರಿಸುವ ದೀಪವಾಗುತ್ತದೆ. ಹುಡುಗನಿಗೆ ನಾಲ್ಕು ಏಟು ಹಾಕಿ ಕಳುಹಿಸಿದರೆ ಆ ದೀಪ ಆರಿಹೋಗುತ್ತದೆ. ಅಂಗಡಿ ಮರುದಿನವೂ ತೆರೆದಿರುತ್ತದೆ.

ಈಗ ಉಗರಗೋಳದ ದಾರಿಗೆ ಮರಳೋಣ. ಮೊದಲು ಹೇಳಿದ ಆ ಮೂಲೆಯ ಹುಡುಗಿಯನ್ನು ಈ ಅಳತೆಯಿಂದ ನೋಡಬೇಕು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯ ಮೇಲೆ ಕಾನೂನಿನ ಕೈ ಬೀಳಲು ಆರಂಭವಾಗಿ ಒಂದು ಶತಮಾನಕ್ಕೂ ಮೇಲಾಯಿತು. ಮೈಸೂರು ಸರ್ಕಾರವು ೧೯೦೯ರಲ್ಲಿಯೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಬೆಳಗಾವಿಯನ್ನು ಆಳುತ್ತಿದ್ದ ಮುಂಬಯಿ ಸರ್ಕಾರವು ೧೯೩೪ರಲ್ಲಿ ದೇವದಾಸಿಯರ ರಕ್ಷಣೆಗೆ ಕಾಯಿದೆ ಮಾಡಿತು. ಕರ್ನಾಟಕವು ೧೯೮೨ರಲ್ಲಿ ಸಮರ್ಪಣೆಯನ್ನು ನಿಷೇಧಿಸುವ ತನ್ನದೇ ಕಾಯಿದೆಯನ್ನು ಮಾಡಿ, ಸಮರ್ಪಣೆ ಮಾಡಿಸಿದವನಿಗೆ ಮೂರು ವರುಷಗಳವರೆಗೆ ಸಜೆಯನ್ನೂ, ಹೆತ್ತವರೋ ಪೋಷಕರೋ ಬಂಧುಗಳೋ ಮಾಡಿಸಿದ್ದಾದರೆ ಎರಡರಿಂದ ಐದು ವರುಷಗಳ ಸಜೆಯನ್ನೂ ಗೊತ್ತುಮಾಡಿತು. ಆದರೂ ೧೯೯೩-೯೪ರಲ್ಲಿ ಸರ್ಕಾರ ನಡೆಸಿದ ಗಣತಿಯಲ್ಲಿ ೨೨,೮೭೩ ದೇವದಾಸಿಯರು ಲೆಕ್ಕಕ್ಕೆ ಸಿಕ್ಕಿದರು. ೨೦೦೭-೦೮ರ ಗಣತಿಯಲ್ಲಿ ಮತ್ತೆ ೨೩,೭೮೭ ಮಂದಿ ಸೇರಿದರು. ಎರಡನ್ನೂ ಕೂಡಿದರೆ ೪೬,೬೬೦. ಇವರಲ್ಲಿ ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ಈ ಸಂಖ್ಯೆಯ ಎದುರಿಗೆ ಆ ಕಾಯಿದೆಯ ಕೆಳಗೆ ನಡೆದ ಮೊಕದ್ದಮೆಗಳನ್ನು ಇಟ್ಟರೆ ಅವು ಬೆರಳೆಣಿಕೆಯಷ್ಟು.

ಏಕೆ ಹೀಗಾಯಿತು? ಈ ಅಪರಾಧಕ್ಕೆ ದೂರುಗಾರರಿಲ್ಲ. ಹೆತ್ತವರೇ ಮಾಡಿಸುವವರು, ಮಗುವಿಗೆ ತಿಳಿವಳಿಕೆಯಿಲ್ಲ, ಊರಿನವರು ಅದನ್ನು ಹರಕೆಯೆನ್ನುತ್ತಾರೆ, ಮುಂದೆ ಅವಳಿಂದ ಲಾಭ ಪಡೆಯುವವನು ಸುಮ್ಮನೆ ಕಾಯುತ್ತಾನೆ. ಗುಡ್ಡದ ಮೇಲೆ ಕಾವಲು ಬಿದ್ದ ಮೇಲೆ ಈ ಕಾರ್ಯವು ಜಾತ್ರೆಯ ಬಯಲಿನಿಂದ ಮನೆಯ ಒಳಕ್ಕೆ, ದೊಡ್ಡ ಗುಡಿಯಿಂದ ಸಣ್ಣ ಗುಡಿಗಳಿಗೆ, ಹುಣ್ಣಿಮೆಯ ದಿನದಿಂದ ಬೇರೆ ದಿನಗಳಿಗೆ ಸರಿಯಿತು. ನಮ್ಮ ಮೂರು ಪ್ರಶ್ನೆಗಳನ್ನು ಇಲ್ಲಿ ಹಾಕಿ. ಕೇಡು ತಟ್ಟುವುದು ಬಾಯಿಲ್ಲದ ಮಗುವಿಗೆ. ಆದ ಕೇಡು ಆಯುಷ್ಯವೆಲ್ಲ ಸರಿಹೋಗುವಂಥದಲ್ಲ. ಲಾಭ ಪಡೆಯುವವನು ಬೇರೆಯವನು. ಅಂದಮೇಲೆ ಜಾತ್ರೆಯಲ್ಲಿ ನಡೆಯಬಹುದಾದ ಅಪರಾಧಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದು? ಆ ಮಗುವನ್ನು ಮುಂದೆ ಕಾಮಕ್ಕೆ ಬಳಸಿದರೆ ೨೦೧೨ರ ಪೋಕ್ಸೋ ಕಾಯಿದೆಯ ಘೋರ ಅಪರಾಧಗಳೂ ಅದಕ್ಕೆ ಸೇರುತ್ತವೆ. ಹೀಗಿದ್ದರೂ ಗಲಾಟೆಯಿಲ್ಲದ್ದರಿಂದ ಇದು ಹಿಂದೆ ಬೀಳುತ್ತದೆ. ಗಲಾಟೆಯಿರುವುದರಿಂದ ಕುಡಿದವರ ಕೂಗು ಮುಂದೆ ನಿಲ್ಲುತ್ತದೆ. ಸಣ್ಣ ತಪ್ಪುಗಳ ಹಿಂದೆ ಓಡಿದ್ದರ ನಿಜವಾದ ಬೆಲೆಯನ್ನು ತೆರುವವಳು ಈ ಹುಡುಗಿ.

ಬರಿಯ ಬಲದಿಂದ ಇಂಥದನ್ನು ಗೆಲ್ಲಬಹುದೆಂದು ಹೇಳಲಾಗುವುದಿಲ್ಲ. ೧೯೮೬ರ ಮಾರ್ಚಿ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ, ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆಯನ್ನು ವಿರೋಧಿಸಿ ಹೋದ ಕಾರ್ಯಕರ್ತರ ಮೇಲೂ ಕಾವಲಿದ್ದ ಪೋಲೀಸಿನವರ ಮೇಲೂ ಗುಂಪು ಬಿದ್ದು ಅವರ ಬಟ್ಟೆಗಳನ್ನೇ ಕಿತ್ತಿತು. ಆಮೇಲೆ ಸರ್ಕಾರವು ಆ ಸೇವೆಯನ್ನು ನಿಷೇಧಿಸಿ, ಮುಂಚಿತವಾಗಿ ಸಿದ್ಧತೆ ಮಾಡಿ ತಡೆಯಿತು. ಗಂಭೀರವಾದುದನ್ನು ಮುಂದಿಟ್ಟುಕೊಳ್ಳುವುದೆಂದರೆ ಜಾತ್ರೆಯ ದಿನ ಹತ್ತು ಮಂದಿಯನ್ನು ಅತ್ತ ಕಳುಹಿಸಿಬಿಡುವುದಲ್ಲ. ತಿಂಗಳುಗಳ ಮೊದಲೇ ಊರುಗಳಲ್ಲಿ ತಿಳಿದುಕೊಂಡು, ಜನರ ವಿಶ್ವಾಸವನ್ನು ಗಳಿಸಿಕೊಂಡಿರುವುದು. ಈ ಕೆಲಸದಲ್ಲಿ ದೇವದಾಸಿಯರಾಗಿದ್ದ ಹೆಂಗಸರೇ ಪೋಲೀಸಿನವರಿಗಿಂತ ಮುಂದಿದ್ದಾರೆ. ಬೆಳಗಾವಿ ಜಿಲ್ಲೆಯಲ್ಲಿ ಅವರು ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ಹಳ್ಳಿಹಳ್ಳಿಗಳಲ್ಲಿ ಈ ಪದ್ಧತಿಯ ವಿರುದ್ಧ ದುಡಿದಿದೆ. ಯಾವ ಮನೆಯಲ್ಲಿ ಯಾವ ಹುಡುಗಿಗೆ ಜಡೆ ಬಿದ್ದಿದೆ, ಯಾರು ಅದನ್ನು ದೇವಿಯ ಕರೆಯೆನ್ನುತ್ತಿದ್ದಾರೆ ಎಂಬುದು ಇಂಥವರಿಗೆ ತಿಳಿಯುವಂತೆ ಠಾಣೆಗೆ ತಿಳಿಯಲಾರದು.

ಈ ಸೀಮೆಯ ಹಳೆಯ ಪೋಲೀಸ್ ವ್ಯವಸ್ಥೆಯಲ್ಲಿ ಇಂಥ ತಿಳಿವಳಿಕೆಗೆ ಒಂದು ಸ್ಥಾನವಿತ್ತು. ಮುಂಬಯಿ ಇಲಾಖೆಯ ೧೮೬೭ರ ಗ್ರಾಮ ಪೋಲೀಸ್ ಕಾಯಿದೆಯ ಕೆಳಗೆ ಪ್ರತಿ ಊರಿಗೆ ಪೋಲೀಸ್ ಪಾಟೀಲನಿದ್ದನು; ಕಿತ್ತೂರು ಸವದತ್ತಿಗಳ ಕಡೆ ಇನಾಮು ಹೊಲ ಉಂಡು ಕಾವಲು ಕಾಯುವ ಶೇತಸನದಿಗಳಿದ್ದರು. ಅವರಲ್ಲಿ ದಬ್ಬಾಳಿಕೆಯೂ ಇತ್ತು, ಪಕ್ಷಪಾತವೂ ಇತ್ತು; ವಂಶಪಾರಂಪರ್ಯದ ಆ ಹುದ್ದೆಗಳು ಹೋದದ್ದು ಒಳ್ಳೆಯದೇ. ಆದರೆ ಅವರೊಡನೆ ಊರಿನ ಒಳಮಾತನ್ನು ಬಲ್ಲವನೂ ಹೋದನು. ಈಗ ತಾಲ್ಲೂಕಿನ ಠಾಣೆಯ ಒಬ್ಬನೇ ಪೇದೆ ಬೆಳಗ್ಗೆ ಬಂದೋಬಸ್ತಿಗೆ ನಿಲ್ಲಬೇಕು, ಮಧ್ಯಾಹ್ನ ಕೋರ್ಟಿಗೆ ಓಡಬೇಕು, ರಾತ್ರಿ ತನಿಖೆ ಮಾಡಬೇಕು. ತನಿಖೆಯನ್ನೂ ಶಾಂತಿಪಾಲನೆಯನ್ನೂ ಬೇರೆ ಬೇರೆ ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೬ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಆಜ್ಞೆ ಮಾಡಿತು. ಅದು ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಪಟ್ಟಣಗಳಿಂದ ಆರಂಭವಾಗಬೇಕೆಂದಿತು. ಸವದತ್ತಿಯಂಥ ಊರುಗಳಿಗಾದರೋ ಅದರ ಅವಶ್ಯಕತೆ ಕಡಮೆಯೇನಲ್ಲ. ಜಾತ್ರೆಯ ದಿನಗಳಲ್ಲಾದರೂ ಕೆಲವರನ್ನು ಗುಂಪಿನ ಕೆಲಸದಿಂದ ಬಿಡಿಸಿ ಮಕ್ಕಳ ರಕ್ಷಣೆಗೆಂದೇ ಇಡುವುದು ಅಸಾಧ್ಯವಾದುದಲ್ಲ.

ಹೀಗೆ ಆರಿಸುವ ಅಧಿಕಾರಕ್ಕೆ ಕಟ್ಟುಗಳೂ ಬೇಕು. ಆಯ್ಕೆಯು ಪೇದೆಯ ಆ ಕ್ಷಣದ ಮನಸ್ಸಿಗೆ ಬಿಟ್ಟದ್ದಾಗಬಾರದು. ಮೇಲಧಿಕಾರಿಯು ಅದನ್ನು ಬರೆದು ಗೊತ್ತುಮಾಡಬೇಕು, ಜನರಿಗೂ ತಿಳಿಸಬೇಕು. ಮೊದಲು ಪ್ರಾಣ ಮತ್ತು ಮಕ್ಕಳು; ಆಮೇಲೆ ಹೆಂಗಸರ ಮಾನ ಮತ್ತು ಬಡವರ ಸ್ವತ್ತು; ಆಮೇಲೆ ಮದ್ಯವನ್ನೂ ಜೂಜನ್ನೂ ವ್ಯಾಪಾರ ಮಾಡಿಕೊಂಡವರು; ಕಟ್ಟಕಡೆಗೆ ಅವರ ಕೈಗೆ ಸಿಕ್ಕು ಕೆಟ್ಟವರು. ಈ ಕ್ರಮ ಜಾತಿ ನೋಡಿ, ಹಣ ನೋಡಿ ತಲೆಕೆಳಗಾಗಬಾರದು. ಗೌಡರ ಮಗ ಕುಡಿದರೆ ಹುಡುಗಾಟ, ಕೂಲಿಯವನ ಮಗ ಕುಡಿದರೆ ಅಪರಾಧ ಎಂದಾದರೆ ಅದು ತಾರತಮ್ಯವಲ್ಲ, ತಾರತಮ್ಯದ ವೇಷ ಹಾಕಿಕೊಂಡ ಅನ್ಯಾಯ.

ಕೊನೆಗೆ ನಮ್ಮ ಪಾಲಿನ ಮಾತು. ಪೋಲೀಸಿನವರ ಗಮನ ಬಹುಮಟ್ಟಿಗೆ ನಮ್ಮ ದೂರುಗಳ ಹಿಂದೆ ಹೋಗುತ್ತದೆ. ನಾವು ಯಾವುದನ್ನು ಕುರಿತು ಕೂಗುತ್ತೇವೆಯೋ ಅದು ಅವರಿಗೆ ಕೇಳಿಸುತ್ತದೆ. ಯಾವುದನ್ನು ಕುರಿತು ಮೌನವಾಗಿರುತ್ತೇವೆಯೋ ಅದು ಕತ್ತಲಲ್ಲಿ ಉಳಿಯುತ್ತದೆ. ಕಟ್ಟೆಯ ಮೇಲಣ ಇಸ್ಪೀಟಿಗೆ ಹತ್ತು ಮಂದಿ ಅರ್ಜಿ ಬರೆಯುವ ಊರಿನಲ್ಲಿ, ಹುಡುಗಿಯೊಬ್ಬಳಿಗೆ ಮುತ್ತು ಕಟ್ಟುವ ಸುದ್ದಿ ಬಂದಾಗ ಒಬ್ಬನಾದರೂ ಬಾಯಿ ತೆರೆಯಬೇಡವೇ? ಮಕ್ಕಳ ಸಹಾಯಕ್ಕೆಂದು ೧೦೯೮, ಪೋಲೀಸಿನ ತುರ್ತು ನೆರವಿಗೆಂದು ೧೧೨ ಎಂಬ ದೂರವಾಣಿ ಸಂಖ್ಯೆಗಳಿವೆ. ಮಗುವಿನ ಮೇಲೆ ನಡೆದ ಲೈಂಗಿಕ ಅಪರಾಧವನ್ನು ತಿಳಿದೂ ತಿಳಿಸದಿರುವುದನ್ನು ಪೋಕ್ಸೋ ಕಾಯಿದೆ ಶಿಕ್ಷಾರ್ಹವೆಂದೇ ಹೇಳಿದೆ. ಸಣ್ಣ ತಪ್ಪುಗಳನ್ನು ತಿದ್ದುವ ಬಹುಪಾಲು ಕೆಲಸವನ್ನು ಮನೆಯೂ ಶಾಲೆಯೂ ಊರಿನ ಹಿರಿಯರೂ ಹೊತ್ತುಕೊಂಡರೆ, ದೊಡ್ಡ ಅಪರಾಧಗಳನ್ನು ಹಿಡಿಯಲು ಠಾಣೆಗೆ ಕೈ ಬಿಡುವಾದೀತು. ದಾರಿ ತಪ್ಪಿದ ಹುಡುಗನಿಗೆ ಬುದ್ಧಿ ಹೇಳಲು ತಂದೆಯಿದ್ದಾನೆ, ಗುರುವಿದ್ದಾನೆ, ನೆರೆಯವನಿದ್ದಾನೆ. ತಂದೆಯೇ ಕೈಹಿಡಿದು ಗುಡಿಗೆ ಕರೆದೊಯ್ಯುವ ಹುಡುಗಿಗೆ ಕಾನೂನೊಂದನ್ನು ಬಿಟ್ಟ‌ರೆ ಬೇರೆ ದಿಕ್ಕಿಲ್ಲ. ಕಾನೂನಿನ ಕಣ್ಣು ಮೊದಲು ಹೊರಳಬೇಕಾದದ್ದು ಅತ್ತ ಕಡೆಗೆ.